ಎಂಬತ್ತು ಕಿಲೋಮೀಟರಿನ ಅಭಯ

ನಮ್ಮ ಭಾವನವರ ಕಾರಿಗೆ ಈಚೆಗೆ ಪಂಚರ್ ಎಂಬುದೇ ಇಲ್ಲ. ಇಲ್ಲವೆಂದು ಸಾರುವವರೂ ಅವರೇ. ಜರ್ಮನಿಯ ಹಳೇ ಕಾರೊಂದನ್ನು ಕೊಂಡ ಮೇಲೆ, ಮನೆಗೆ ಬಂದವರ ಕೈಗೆ ಕಾಫಿ ಲೋಟ ಬರುವ ಮೊದಲೇ ಗೇಟಿನಾಚೆ ಕರೆದೊಯ್ದು ಟೈರಿಗೊಂದು ಒದೆ ಕೊಟ್ಟು ತೋರಿಸುತ್ತಾರೆ. “ರನ್‌ಫ್ಲ್ಯಾಟ್ ಕಣೋ. ಗಾಳಿ ಪೂರ್ತಿ ಹೋದ್ರೂ ಓಡುತ್ತೆ.”

“ಸ್ಟೆಪ್ನಿ ಎಲ್ಲಿ ಭಾವ?”

“ಸ್ಟೆಪ್ನಿ ಯಾಕೋ?” ಎಂದು ಡಿಕ್ಕಿ ತೆಗೆದರು. ಸ್ಟೆಪ್ನಿಗೆಂದು ಗುಂಡಿಯೇ ಇರಲಿಲ್ಲ. ಆ ಜಾಗದಲ್ಲಿ ಬ್ಯಾಟರಿ, ಅದರ ಮೇಲಿನ ಹಲಗೆಯ ಮೇಲೆ ಅಕ್ಕ ಊರಿಂದ ತಂದ ಹಲಸಿನಹಣ್ಣು.

ವಿದ್ಯೆ ಇಷ್ಟೇ. ಮಾಮೂಲಿ ಟೈರಿನಲ್ಲಿ ಕಾರಿನ ಭಾರ ಹೊರುವುದು ಗಾಳಿ. ಪಕ್ಕದ ಗೋಡೆ ತೆಳ್ಳಗಿರುತ್ತದೆ, ಗಾಳಿ ಹೋದರೆ ಮಡಚಿಕೊಳ್ಳುತ್ತದೆ. ರನ್‌ಫ್ಲ್ಯಾಟಿನಲ್ಲಿ ಆ ಗೋಡೆಗೇ ದಪ್ಪ ರಬ್ಬರು ತುಂಬಿರುತ್ತಾರೆ. ಗಾಳಿ ಹೋದರೂ ಕಾರು ಗೋಡೆಯ ಮೇಲೆ ನಿಂತು ಓಡುತ್ತದೆ. ಆದರೆ ಎಲ್ಲಿಯವರೆಗೆ? ಹೆಚ್ಚಿನ ಕಂಪನಿಗಳ ಲೆಕ್ಕದಲ್ಲಿ 80 ಕಿಲೋಮೀಟರು, ಅದೂ ಗಂಟೆಗೆ 80ರ ವೇಗ ಮೀರದಂತೆ. ಮೀರಿದರೆ ಗೋಡೆ ಬಾಗಿ ಬಾಗಿ ಕಾದು ಒಳಗೇ ಹರಿಯುತ್ತದೆ. ಅಂದರೆ ಪಂಚರ್ ತಪ್ಪಲಿಲ್ಲ ಸ್ವಾಮಿ, ಕಂತಿನ ಮೇಲೆ ಸಿಕ್ಕಿತು ಅಷ್ಟೇ.

ಈ 80 ಎಂಬ ಅಂಕಿಯನ್ನು ಊರೂರಿಗೂ ಟೈರಂಗಡಿ ಇರುವ ದೇಶದಲ್ಲಿ ಕೂತು ಬರೆದಿರಬೇಕು. ಸಕಲೇಶಪುರದಲ್ಲಿ ನಿಂತು ಲೆಕ್ಕ ಹಾಕಿ ನೋಡಿ. ಹಿಂದಕ್ಕೆ ಹಾಸನ ಸುಮಾರು 40, ಬೆಂಗಳೂರು 220. ಮುಂದಕ್ಕೆ ಶಿರಾಡಿ ಘಾಟಿ ಇಳಿದು ಮಂಗಳೂರು 130. ಪುಣ್ಯವಿದ್ದರೆ ಹಾಸನ ಮುಟ್ಟಬಹುದು. ಆದರೆ ನಿಮ್ಮ ಸೈಜಿನ ರನ್‌ಫ್ಲ್ಯಾಟು ಅಲ್ಲಿ ನಿಮಗಾಗಿಯೇ ಕಾದು ಕೂತಿರಬೇಕಲ್ಲ!

ಭಾವನವರಿಗೆ ಆದದ್ದೂ ಅದೇ. ಮಂಗಳೂರಿನಲ್ಲಿ ನಾದಿನಿಯ ಮಗಳ ಮದುವೆ. ಸಕಲೇಶಪುರ ದಾಟುತ್ತಲೇ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ. ಈ ದೀಪವಿಲ್ಲದೆ ರನ್‌ಫ್ಲ್ಯಾಟಿಗೆ ಗತಿಯಿಲ್ಲ. ಗೋಡೆ ಗಟ್ಟಿಯಾದ್ದರಿಂದ ಗಾಳಿ ಹೋದದ್ದು ಕಣ್ಣಿಗೂ ಕಾಣದು, ಸ್ಟೇರಿಂಗಿಗೂ ಸರಿಯಾಗಿ ತಿಳಿಯದು. “ನೋಡ್ದ್ಯಾ, ಕಾರೇ ಹೇಳುತ್ತೆ!” ಎಂದು ಭಾವ ಹಿಗ್ಗಿದರು. ಅಕ್ಕ ಮಾತ್ರ, “ಹೇಳಿದ್ದು ಸರಿ, ಮಾಡೋದು ಯಾರು?” ಎಂದಳು.

ರಸ್ತೆ ಬದಿಯಲ್ಲಿ ಹಳೇ ಟೈರಿನ ಮೇಲೆ ಬಿಳಿ ಬಣ್ಣದಲ್ಲಿ ‘ಪಂಚರ್’ ಎಂದು ಬರೆದು ನೇತುಹಾಕಿದ್ದ ಅಂಗಡಿ ಇತ್ತು. ಮಲಯಾಳಿ ಕಾಕಾ ಬಂದು ಸೋಪಿನ ನೀರು ಬಳಿದ, ಗುಳ್ಳೆ ಎದ್ದ ಕಡೆ ಬೆರಳಿಟ್ಟ, ಮೊಳೆ ಸಿಕ್ಕಿತು. ಮಾಮೂಲಿ ಟ್ಯೂಬ್‌ಲೆಸ್ ಆಗಿದ್ದರೆ ಅಲ್ಲೇ ಮೊಳೆ ಕಿತ್ತು, ತೂತಿಗೆ ಅಂಟು ಬಳಿದ ಬತ್ತಿ ತುರುಕಿ, ಗಾಳಿ ಹೊಡೆದು ಕಳಿಸಿಬಿಡುತ್ತಿದ್ದ. ಇದನ್ನು ಗುದ್ದಿ ನೋಡಿದವನು ಕೈ ಒರೆಸಿಕೊಂಡ. “ಸಾರ್, ಇದು ಗಾಳಿ ಇಲ್ದೆ ಓಡಿದೆ. ಒಳಗೆ ಏನಾಗಿದೆಯೋ, ಬಿಚ್ಚದೆ ಗೊತ್ತಾಗಲ್ಲ. ಬಿಚ್ಚೋಕೆ ನಮ್ಮ ಲಿವರ್ ಸಾಲಲ್ಲ, ದೊಡ್ಡ ಮಿಶಿನ್ ಬೇಕು.” ಕಂಪನಿಗಳ ಪುಸ್ತಕದಲ್ಲೂ ಬಹುಮಟ್ಟಿಗೆ ಇದನ್ನೇ ಬರೆದಿರುತ್ತಾರೆ, ಓದುವವರು ಕಡಿಮೆ.

ಹಾಸನದ ಅಂಗಡಿಯಲ್ಲಿ ಆ ಸೈಜು ಇರಲಿಲ್ಲ. ಕಾರು ಲಾರಿ ಹತ್ತಿ ಬೆಂಗಳೂರಿಗೆ ಹೋಯಿತು. ರೇಷ್ಮೆ ಸೀರೆಯ ಅಕ್ಕ, ಜರಿ ಶಲ್ಯದ ಭಾವ ಕೆಂಪು ಬಸ್ಸು ಹತ್ತಿ ಮಂಗಳೂರಿಗೆ ಹೋದರು. ಧಾರೆ ಮುಗಿದಿತ್ತು, ಊಟಕ್ಕೆ ಸಿಕ್ಕರು.

ಮೋಟಾರಿನ ಮೊದಲ ದಿನಗಳಲ್ಲೂ ಕಾರಿಗೆ ಸ್ಟೆಪ್ನಿ ಇರುತ್ತಿರಲಿಲ್ಲ. ಸೂಟು ಹಾಕಿದ ದೊರೆಗಳು ರಸ್ತೆಯಲ್ಲೇ ಮಂಡಿಯೂರಿ ಟೈರು ಕೀಳುತ್ತಿದ್ದರು. 1904ರಲ್ಲಿ ವೇಲ್ಸ್‌ನ ಡೇವಿಸ್ ಸೋದರರು, ಸ್ಟೆಪ್ನಿ ಎಂಬ ಬೀದಿಯ ತಮ್ಮ ಅಂಗಡಿಯಲ್ಲಿ ಹೆಚ್ಚುವರಿ ಚಕ್ರ ಮಾಡಿ ಮಾರಿದರು, ಲೋಕ ಬದುಕಿತು. ನೂರು ವರ್ಷ ಆ ಚಕ್ರವನ್ನು ಹೊತ್ತ ಮೇಲೆ ಈಗ ಅದು ಭಾರವಂತೆ. 2020ರಲ್ಲಿ ನಮ್ಮ ಕೇಂದ್ರ ಸಾರಿಗೆ ಸಚಿವಾಲಯವೂ ನಿಯಮ ತಿದ್ದಿತು: ಟ್ಯೂಬ್‌ಲೆಸ್ ಟೈರು, ರಿಪೇರಿ ಕಿಟ್ಟು, ಗಾಳಿಯ ಒತ್ತಡ ಹೇಳುವ ವ್ಯವಸ್ಥೆ ಇದ್ದರೆ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಕಿಟ್ಟಿನಲ್ಲಿ ಒಂದು ಬಾಟಲಿ ಅಂಟು, ಒಂದು ಪುಟ್ಟ ಪಂಪು. ಮೊಳೆಯ ತೂತಿಗೆ ಅದು ಸಾಕು. ಗುಂಡಿಯ ಅಂಚಿಗೆ ಬಡಿದು ಟೈರಿನ ಪಕ್ಕೆಯೇ ಸೀಳಿದರೆ ಆ ಬಾಟಲಿಯನ್ನು ನೋಡುತ್ತಾ ಕೂರಬೇಕು.

ಮೊಳೆಗಂತೂ ನಮ್ಮಲ್ಲಿ ಬರವಿಲ್ಲ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಟೆಕ್ಕಿಯೊಬ್ಬರು ಕೋಲಿಗೆ ಅಯಸ್ಕಾಂತ ಕಟ್ಟಿಕೊಂಡು ಕಿಲೋಗಟ್ಟಲೆ ಮೊಳೆ ಹೆಕ್ಕಿದ್ದು ಪತ್ರಿಕೆಗಳಲ್ಲೂ ಬಂದಿತ್ತು.

ಇನ್ನು ರನ್‌ಫ್ಲ್ಯಾಟಿನ ಕುಲುಕಾಟ! ಗೋಡೆ ಗಟ್ಟಿಯಾದ್ದರಿಂದ ರಸ್ತೆಯ ಪ್ರತಿ ಹಳ್ಳವೂ ನೇರ ಬೆನ್ನಿಗೇ ಬರುತ್ತದೆ. ಭಾವ ಅದಕ್ಕೆ ‘ಜರ್ಮನ್ ಸಸ್ಪೆನ್ಷನ್’ ಅನ್ನುತ್ತಾರೆ, ಅಕ್ಕ ‘ಎತ್ತಿನ ಗಾಡಿ’ ಅನ್ನುತ್ತಾಳೆ.

ಮದುವೆ ಮುಗಿಸಿ ಬಂದವರು ನಾಲ್ಕೂ ಟೈರು ತೆಗೆಸಿ ಮಾಮೂಲಿ ಟ್ಯೂಬ್‌ಲೆಸ್ ಹಾಕಿಸುವ ವಿಚಾರದಲ್ಲಿದ್ದಾರೆ. ಅಂಗಡಿಯವನು, “ಹಾಕ್ಸಿ ಸಾರ್, ಮೆತ್ತಗಿರುತ್ತೆ. ಆದ್ರೆ ಸ್ಟೆಪ್ನಿ, ಜಾಕಿ, ಸ್ಪ್ಯಾನರ್ ಎಲ್ಲ ಬೇರೆ ತಗೋಬೇಕು” ಎಂದನಂತೆ. ಸ್ಟೆಪ್ನಿಯನ್ನು ಡಿಕ್ಕಿಯಲ್ಲಿಟ್ಟರೆ ಸೂಟ್‌ಕೇಸು ಎಲ್ಲಿ ಎಂದು ಅಕ್ಕ ಕೇಳಿದ್ದಾಳೆ. ಭಾವ ಈಗ ಮೇಲ್ಛಾವಣಿಯ ಕ್ಯಾರಿಯರಿನ ರೇಟು ವಿಚಾರಿಸುತ್ತಿದ್ದಾರೆ.