ನೂತನಪುರ ಮೀಮಾಂಸೆ, ಅಥವಾ ಮೋರಿಶಾಸ್ತ್ರ ಪ್ರವೇಶಿಕೆ

ಊರು ಕೆಟ್ಟರೆ ಅದನ್ನೇ ರಿಪೇರಿ ಮಾಡಬೇಕೋ, ಪಕ್ಕದಲ್ಲಿ ಇನ್ನೊಂದು ಕಟ್ಟಬೇಕೋ ಎಂಬ ಜಿಜ್ಞಾಸೆಯಲ್ಲಿ ಆಚಾರ್ಯರದು ಎರಡು ಪಂಥ. ಗುದ್ದಲಿಪೂಜೆಯವರು ದ್ವೈತಿಗಳು: ಹಳೇ ಊರು ಬೇರೆ, ಹೊಸ ಊರು ಬೇರೆ, ಎರಡರ ಟೆಂಡರೂ ಬೇರೆ. ಗುಂಡಿ ಮುಚ್ಚುವವರು ಅದ್ವೈತಿಗಳು: ರಸ್ತೆಯೂ ಗುಂಡಿಯೂ ಒಂದೇ, ಭೇದವೆಂಬುದು ಸ್ಕೂಟರ್ ಸವಾರನ ಭ್ರಮೆ.

ಮೊದಲು ಭಾಷಾಶಾಸ್ತ್ರದ ಸಾಕ್ಷ್ಯ. 1537ರಲ್ಲಿ ಕೆಂಪೇಗೌಡರು ಬೆಂಗಳೂರು ಕಟ್ಟುವಾಗ ನಾಲ್ಕು ದಿಕ್ಕಿಗೆ ಎತ್ತು ಹೂಡಿ ಗೆರೆ ಎಳೆಸಿದರೆಂದು ಐತಿಹ್ಯ. ಎತ್ತುಗಳು ಕನ್ಸಲ್ಟೆನ್ಸಿ ಫೀಸು ಕೇಳಿದ್ದಕ್ಕೆ ಶಾಸನಾಧಾರವಿಲ್ಲ. ಆ ಕಾಲದ ಪ್ರತ್ಯಯ ‘ಪೇಟೆ’. ಅಕ್ಕಿಪೇಟೆ, ಬಳೇಪೇಟೆ, ಅರಳೆಪೇಟೆ ಎಂದರೆ ಸಾಕು, ಎಲ್ಲಿ ಏನು ಸಿಗುತ್ತದೆಂದು ಮಗುವಿಗೂ ತಿಳಿಯುತ್ತಿತ್ತು. 1898ರ ಪ್ಲೇಗಿಗೆ ಪೇಟೆ ತತ್ತರಿಸಿದ ಮೇಲೆ ಮಲ್ಲೇಶ್ವರ, ಬಸವನಗುಡಿ ಬೆಳೆದವು. ಪ್ರತ್ಯಯ ಹೋಗಿ ದೇವರು ಬಂದ. ಅನಂತರ ‘ನಗರ’, ‘ಬಡಾವಣೆ’, ‘ಲೇಔಟ್’, ಇದೀಗ ‘ಸಿಟಿ’. ನಿಯಮ ಸ್ಪಷ್ಟ: ಪ್ರತ್ಯಯ ಬದಲಾದಂತೆಲ್ಲ ಮೆಜೆಸ್ಟಿಕ್ ದೂರವಾಗುತ್ತದೆ. ದೊಡ್ಡಬಳ್ಳಾಪುರ–ದಾಬಸ್‌ಪೇಟೆ ನಡುವೆ ಯೋಜಿಸಿರುವ ‘ಕ್ವಿನ್ ಸಿಟಿ’ಯ ಹೆಸರಿನಲ್ಲಿ ಜ್ಞಾನ, ಸ್ವಾಸ್ಥ್ಯ, ನಾವೀನ್ಯ ಮೂರೂ ಅಡಗಿವೆ. ಅಕ್ಕಿ ಎಲ್ಲಿ ಸಿಗುತ್ತದೆಂದು ಮಾತ್ರ ಹೆಸರಿನಿಂದ ಹೇಳಲು ಬರುವುದಿಲ್ಲ.

ಪೂರ್ವಪಕ್ಷ: ಹೊಸದಾಗಿ ಕಟ್ಟಿದರೆ ಟ್ರಾಫಿಕ್ ತೊಂದರೆ ಇರದು. ಒಪ್ಪಿದೆವು. ಅಕ್ಬರನು 1571ರಲ್ಲಿ ಫತೇಪುರ ಸಿಕ್ರಿಗೆ ಕೈಹಾಕಿ, 1585ರಲ್ಲಿ ಗಂಟುಮೂಟೆ ಕಟ್ಟಿ ಲಾಹೋರಿನ ಕಡೆ ಹೊರಟ. ಅಲ್ಲಿ ಇವತ್ತಿಗೂ ಟ್ರಾಫಿಕ್ ಇಲ್ಲ. ಟಿಕೆಟ್ ತೆಗೆದುಕೊಂಡು ನೋಡಬಹುದು.

ಇನ್ನು ಅದ್ವೈತಿಗಳ ಕಡೆಯ ಪ್ರಾಯೋಗಿಕ ಸಾಕ್ಷ್ಯ. ಸಂಶೋಧಕನ ಮನೆಮುಂದಿನ ರಸ್ತೆಯಲ್ಲಿ ನೀರಿನ ಪೈಪಿಗಾಗಿ ಒಮ್ಮೆ, ಕೇಬಲ್ಲಿಗಾಗಿ ಒಮ್ಮೆ, ಮೊದಲು ಅಗೆದವರು ಏನು ಮಾಡಿದ್ದಾರೆಂದು ನೋಡಲು ಇನ್ನೊಮ್ಮೆ ಉತ್ಖನನ ನಡೆಯಿತು. ಡಾಂಬರಿನ ಮೂರು ಪದರ ದೊರೆತವು. ಇಂಗಾಲದ ಪರೀಕ್ಷೆ ಬೇಕಾಗಲಿಲ್ಲ. ಮೂರು ಪದರ, ಮೂರು ಚುನಾವಣೆ.

ದ್ವೈತವನ್ನು ಕೊನೆಗೂ ಖಂಡಿಸಿದ್ದು ಪಂಡಿತರಲ್ಲ, ಒಂದು ನದಿ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿದಳೆಂದು ನಂಬುವ ವೃಷಭಾವತಿ, ದಾರಿಯುದ್ದಕ್ಕೂ ಮಹಾನಗರದ ಕೊಳಚೆಯನ್ನೂ ಕಾರ್ಖಾನೆಗಳ ಕಶ್ಮಲವನ್ನೂ ಮಡಿಲಿಗೆ ಹಾಕಿಕೊಂಡು ಬಿಡದಿ ಬಳಿಯ ಬೈರಮಂಗಲ ಕೆರೆಗೆ ಬಂದು ಸೇರುತ್ತಾಳೆ. ಸರ್ಕಾರ ಇನ್ನೊಂದು ಹೊಸ ಟೌನ್‌ಶಿಪ್‌ಗೆ ನಕ್ಷೆ ಬಿಡಿಸಿರುವುದೂ ಅದೇ ಸುತ್ತಿನಲ್ಲಿ. ಭೂಮಿ ಕೊಡೆವೆಂದು ಅಲ್ಲಿನ ರೈತರು ಧರಣಿ ಕೂತರು. ಹೊಸ ಊರಿಗೆ ಹಳೇ ಊರಿನ ಸೋಂಕು ತಗಲದೆಂಬ ಭರವಸೆಯನ್ನು ಅವರ ಮುಂದೆ ಹೇಳುವುದು ಕಷ್ಟ: ನಗರ ಇನ್ನೂ ಬಂದಿಲ್ಲ, ಅದರ ಮೋರಿನೀರು ಬಂದು ದಶಕಗಳಾದವು. ಗದ್ದೆಗೆ ನೀರುಣಿಸಲೆಂದು ಕಟ್ಟಿದ ಕೆರೆಯಲ್ಲಿ ಈಗ ನೊರೆ ಏಳುತ್ತದೆ.