ಬರಹ ಕೈಕೊಟ್ಟಾಗ: ಚೆನ್ನೈ ಕನ್ನಡಿಗರಿಗೊಂದು ಬಳಕೆ ಕೈಪಿಡಿ

ಈ ಕೈಪಿಡಿ ಬರೆಯುವುದನ್ನು ಕಲಿಸುವುದಿಲ್ಲ. ಬರೆಯಲಾಗದೆ ಕೂತಾಗ ಹುಟ್ಟುವ ನಾಚಿಕೆ, ಹೊಟ್ಟೆಕಿಚ್ಚು, ಸಿಡುಕುಗಳಿಗೆ ಮಾತ್ರ ಅನ್ವಯ. ಗ್ಯಾರಂಟಿ ಇಲ್ಲ.

ಮೊದಲು ಕ್ಯಾಲೆಂಡರ್ ನೋಡಿ. ಮೇ ತಿಂಗಳ ಅಗ್ನಿನಕ್ಷತ್ರದ ಕಡುಬಿಸಿಲಿನ ದಿನಗಳಾಗಿದ್ದರೆ ದೋಷ ನಿಮ್ಮದಲ್ಲ. ಮೊಣಕೈಗೆ ಹಾಳೆ ಅಂಟಿಕೊಳ್ಳುವ ಊರಿನಲ್ಲಿ ಸೆಕೆಗೂ ಪ್ರತಿಭೆ ಬತ್ತಿದ್ದಕ್ಕೂ ವ್ಯತ್ಯಾಸ ತಿಳಿಯುವುದು ಕಷ್ಟ. ಫ್ಯಾನಿನ ಕೆಳಗೆ ಮಲಗಿ.

ಎಗ್ಮೋರಿನ ಕನ್ನೆಮರಾ ಗ್ರಂಥಾಲಯದ ಕಡೆ ಸುಳಿಯಬೇಡಿ. 1896ರಲ್ಲಿ ಬಾಗಿಲು ತೆರೆದ ಈ ಗ್ರಂಥಾಲಯಕ್ಕೆ ದೇಶದಲ್ಲಿ ಅಚ್ಚಾಗುವ ಪ್ರತಿ ಪುಸ್ತಕದ ಒಂದು ಪ್ರತಿಯನ್ನು ಕಳಿಸಬೇಕೆಂದು ಕಾನೂನೇ ಇದೆ. ನಿಮ್ಮೊಬ್ಬರನ್ನು ಬಿಟ್ಟು ಇಡೀ ಭಾರತ ಬರೆಯುತ್ತಿದೆ ಎಂಬುದಕ್ಕೆ ಅಷ್ಟು ಗಟ್ಟಿ ಪುರಾವೆ ಈಗ ಬೇಡ.

ಮೊದಲಾಗಿದ್ದರೆ ಕಥೀಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್‌ಗೆ ಹೋಗಿ ಎನ್ನಬಹುದಿತ್ತು. ನಮ್ಮ ಉಡುಪಿ ಕಡೆಯ ಕೃಷ್ಣರಾಯರು 1962ರಲ್ಲಿ ತೆರೆದ ಹೋಟೆಲು. ಒಂದು ಕಾಫಿ ತರಿಸಿಕೊಂಡು ಗಂಟೆಗಟ್ಟಲೆ ಕೂತರೂ ಯಾರೂ ಎಬ್ಬಿಸುತ್ತಿರಲಿಲ್ಲ. ಬರೆಯದವರೂ ಅಲ್ಲಿ ಬರಹಗಾರರಂತೆಯೇ ಕಾಣುತ್ತಿದ್ದರು. 2008ರಲ್ಲಿ ಮುಚ್ಚಿತು. ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ಟಿಕೆಟ್ ಕೊಂಡು ಕೂರಿ, ಗಿಡಗಳು ವಿಚಾರಿಸುವುದಿಲ್ಲ.

ಮನುಷ್ಯರು ವಿಚಾರಿಸುತ್ತಾರೆ. ಕನ್ನಡ ಸಂಘದ ಸಮಾರಂಭದಲ್ಲಿ, ಕೈಯಲ್ಲಿ ಕೇಸರಿಬಾತ್ ಹಿಡಿದು, “ಏನ್ ಸಾರ್, ಹೊಸದೇನು ಬರೀತಿದ್ದೀರಿ?” ಮುಖ ಗಂಭೀರ ಮಾಡಿಕೊಂಡು “ಸದ್ಯಕ್ಕೆ ಓದ್ತಿದ್ದೀನಿ” ಎನ್ನಿ. ಆದರೆ ಧಾರವಾಡದಿಂದ ಅವ್ವ ಫೋನ್ ಮಾಡಿ “ಬರಿಯೂದು ಬಿಟ್ಟೇನು?” ಎಂದರೆ ಸುಳ್ಳು ಹೇಳಬೇಡಿ. “ಬರವಲ್ದು ಅವ್ವಾ” ಎಂದುಬಿಡಿ. ಅವಳು “ಊಟ ಮಾಡೀಯೇನು?” ಎನ್ನುತ್ತಾಳೆ. ಇದಕ್ಕಿಂತ ಒಳ್ಳೆಯ ಚಿಕಿತ್ಸೆಯನ್ನು ನಾನಂತೂ ಕಂಡಿಲ್ಲ.

ಎಚ್ಚರಿಕೆ: ನಿಮ್ಮ ಮೌನವನ್ನು ತಮಿಳು ಲೇಖಕ ಪೆರುಮಾಳ್ ಮುರುಗನ್ ಅವರ ಮೌನದ ಪಕ್ಕದಲ್ಲಿಟ್ಟು ಕಣ್ಣೀರು ಹಾಕಬೇಡಿ. ‘ಮಾದೊರುಬಾಗನ್’ ಕಾದಂಬರಿಯ ವಿರುದ್ಧ ಜಾತಿ ಸಂಘಟನೆಗಳು ತಿರುಗಿಬಿದ್ದಾಗ, ಲೇಖಕ ಪೆರುಮಾಳ್ ಮುರುಗನ್ ಸತ್ತ ಎಂದು 2015ರ ಜನವರಿಯಲ್ಲಿ ಅವರೇ ಫೇಸ್‌ಬುಕ್ಕಿನಲ್ಲಿ ಬರೆದರು. ನಾಮಕ್ಕಲ್ ಬಿಟ್ಟು ಚೆನ್ನೈಗೆ ಬಂದರು. 2016ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟು, ಈ ಲೇಖಕ ಮತ್ತೆ ಎದ್ದು ಬರೆಯಲಿ ಎಂದಿತು. ಅವರ ಬಾಯಿಗೆ ಬೀಗ ಜಡಿದವರು ಹೊರಗಿದ್ದರು. ನಿಮ್ಮ ಬೀಗದ ಕೈ ನಿಮ್ಮ ಮೇಜಿನ ಮೇಲೆಯೇ ಬಿದ್ದಿರಬಹುದು.

ಅವರಿಂದ ಕಲಿಯಬೇಕಾದದ್ದು ಬೇರೆ. ಆ ಮೌನದೊಳಗೇ ಅವರು ಪದ್ಯ ಬರೆದಿಟ್ಟಿದ್ದರು. ತೀರ್ಪಿನ ನಂತರ ಬಂದ ಸಂಕಲನಕ್ಕೆ ಹೇಡಿಯ ಹಾಡುಗಳು ಎಂಬರ್ಥದ ಹೆಸರಿಟ್ಟರು. ಅಂಜಿಕೆಯನ್ನು ಮುಚ್ಚಿಡಲಿಲ್ಲ, ಅದನ್ನೇ ಬರೆದರು.

ನೀವು ಅಷ್ಟು ದೂರ ಹೋಗಬೇಕಿಲ್ಲ. ಗಡುವು ಮೀರಿದ್ದಕ್ಕೆ ಸಂಪಾದಕರಿಗೆ ಕ್ಷಮಾಪಣೆಯ ಪತ್ರ ಬರೆಯಲು ಕೂರಿ. ಅರ್ಧ ಪುಟಕ್ಕೆ ಮುಗಿದರೆ ಕಳಿಸಿ. ಹೊಟ್ಟೆಕಿಚ್ಚು, ಸೆಕೆ, ಅವ್ವನ ಫೋನು ಎಲ್ಲ ಸೇರಿ ಮೂರನೇ ಪುಟ ದಾಟಿದರೆ ಹೆಸರುಗಳನ್ನು ಬದಲಿಸಿ, ಮೇಲೆ ‘ಕಥೆ’ ಎಂದು ಬರೆದು ಕಳಿಸಿ.