ಹಿಂದಲೆಯ ಕೂದಲುಗಳಿಗೊಂದು ಬಹಿರಂಗ ಪತ್ರ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ಸಮಸ್ತ ಹಿಂದಲೆಯ ಕೂದಲುಗಳಿಗೆ ಶರಣು ಶರಣಾರ್ಥಿ.

ನಿಮಗೆ ವರ್ಗಾವಣೆಯಂತೆ, ಕೇಳಿ ಸಂತೋಷವಾಯಿತು. ಯಜಮಾನರಿಗೆ ಕನ್ಯೆ ನೋಡುತ್ತಿದ್ದಾರೆ. ಹುಡುಗಿ ಕಡೆಯವರು ಮೊಬೈಲಿನಲ್ಲಿ ಫೋಟೊ ದೊಡ್ಡದು ಮಾಡಿ ನೋಡಿ, "ಹುಡುಗ ಚಲೋ ಇದ್ದಾನ, ಆದ್ರ..." ಅಂದರಂತೆ. ಆ 'ಆದ್ರ'ಕ್ಕೆ ಪರಿಹಾರ ನೀವು.

ಇಷ್ಟು ವರ್ಷ ಕನ್ನಡಿಗೂ ಕಾಣದೆ ಕಾಲರಿನ ಮೇಲೆ ಬದುಕಿದಿರಿ, ಈಗ ಕೂದಲು ನಾಟಿಯ ಹೆಸರಲ್ಲಿ ಹಣೆಯ ಮೇಲೆ ಪೋಸ್ಟಿಂಗು. ಹಿಂದಿದ್ದವರನ್ನು ಕಿತ್ತು ಮುಂದಿದ್ದವರನ್ನು ಸಿಂಗರಿಸುವುದು ನಮ್ಮ ಭಾಗಕ್ಕೇನು ಹೊಸದೇ? ಶಹಾಬಾದಿನ ಫರಸಿ ಕಲ್ಲು ಯಾರ್ಯಾರದೋ ಅಂಗಳಕ್ಕೆ ಹೋಯಿತು, ಗಣಿಯ ಗುಂಡಿ ನಮ್ಮ ಪಾಲಿಗೆ ಉಳಿಯಿತು. ನಿಮ್ಮ ಲೆಕ್ಕವೂ ಅದೇ. ಬೇರು ಸಮೇತ ಎತ್ತಿದ ಜಾಗದಲ್ಲಿ ಮತ್ತೆ ಕೂದಲು ಹುಟ್ಟದು. ಒಂದು ಹಿಂದಲೆಯಿಂದ ಜನ್ಮಕ್ಕೆಲ್ಲ ಸೇರಿ 5,000–6,000 ಗ್ರಾಫ್ಟ್ (ನಾಟಿಗೆ ಬರುವ ಕೂದಲ ಬುಡ) ಸಿಕ್ಕರೆ ಪುಣ್ಯ, ಹಲವರಲ್ಲಿ ಅಷ್ಟೂ ಇಲ್ಲ. 'ಅನ್‌ಲಿಮಿಟೆಡ್ ಗ್ರಾಫ್ಟ್' ಎಂದು ಬೋರ್ಡು ಹಾಕುವವರು ದೇವರಿಗಿಂತ ದೊಡ್ಡವರು, ದೂರದಿಂದಲೇ ಕೈಮುಗಿಯಿರಿ.

ನಿಮ್ಮನ್ನೇ ಯಾಕೆ ಆರಿಸಿದರು? ಮುಂದಲೆಯ ಬೇರುಗಳನ್ನು ಸೊರಗಿಸುವ ಡಿಎಚ್‌ಟಿ ಹಾರ್ಮೋನು ನಿಮ್ಮ ತಂಟೆಗೆ ಬರುವುದಿಲ್ಲ. ಎಲ್ಲಿ ನೆಟ್ಟರೂ ನೀವು ಹುಟ್ಟೂರಿನ ಗುಣ ಬಿಡುವುದಿಲ್ಲವೆಂದು ನ್ಯೂಯಾರ್ಕಿನ ಡಾ. ನಾರ್ಮನ್ ಓರೆಂಟ್‌ರೈಕ್ 1959ರಲ್ಲೇ ಬರೆದಿಟ್ಟರು. ನಮ್ಮ ಭಾಗದವರಿಗೆ ಮೀಸಲಾತಿ ಕೊಟ್ಟ ಸಂವಿಧಾನದ 371(ಜೆ) ವಿಧಿ ಬರುವುದಕ್ಕೆ ಅರ್ಧ ಶತಮಾನ ಮೊದಲೇ ಸ್ಥಳೀಯರ ಯೋಗ್ಯತೆ ಗುರುತಿಸಿದ ಪುಣ್ಯಾತ್ಮ! ಆದರೆ ಮುಂದಲೆಯ ಮೂಲನಿವಾಸಿಗಳಿಗೆ ಆ ಗುಣವಿಲ್ಲ, ಅವು ಉದುರುತ್ತಲೇ ಇರುತ್ತವೆ. ಯಜಮಾನರು ಇಪ್ಪತ್ತೆರಡಕ್ಕೇ ಆತುರಪಟ್ಟರೆ ನಲವತ್ತಕ್ಕೆ ಹಣೆಯಂಚಿನಲ್ಲಿ ನೀವೊಂದು ಸಾಲು, ನಿಮ್ಮ ಹಿಂದೆ ಬಟ್ಟ ಬಯಲು. ಅದಕ್ಕೇ ಬಲ್ಲ ವೈದ್ಯರು ಮೊದಲು ಮಿನಾಕ್ಸಿಡಿಲ್, ಫಿನಾಸ್ಟರೈಡ್ ಔಷಧಿಗಳ ಮಾತೆತ್ತುವುದು, ಅವುಗಳ ಅಡ್ಡಪರಿಣಾಮವನ್ನೂ ಹೇಳುವುದು. ಆಪರೇಶನ್ ಆದ ಮೇಲೆ ಔಷಧಿ ಬೇಕಿಲ್ಲ ಎಂದು ಯಾರು ಹಬ್ಬಿಸಿದರೋ.

ಇನ್ನು ವರ್ಗಾವಣೆಯ ದಿನ. ಹಿಂದಲೆ ಬೋಳಿಸಿ, ಬೋರಲು ಮಲಗಿಸಿ, ಮರಗಟ್ಟಿಸುವ ಸೂಜಿ ಚುಚ್ಚುತ್ತಾರೆ. (ಯಜಮಾನರು "ಯವ್ವಾ" ಅನ್ನುವುದು ಇಲ್ಲೇ.) ಆಮೇಲೆ ಒಂದು ಮಿಲಿಮೀಟರಿನಷ್ಟೂ ಅಗಲವಿಲ್ಲದ ಪಂಚ್ ಗಿರ್ರನೆ ತಿರುಗುತ್ತ ನಿಮ್ಮ ಒಂದೊಂದು ಬುಡದ ಸುತ್ತ ಕೊರೆಯುತ್ತದೆ. ಅದು ಯಾರ ಕೈಯಲ್ಲಿದೆ? ಬೋರಲು ಬಿದ್ದವರಿಗೆ ನೆಲದ ಟೈಲ್ಸ್ ಬಿಟ್ಟರೆ ಏನೂ ಕಾಣದು, ಮಲಗುವ ಮೊದಲೇ ಕೇಳಬೇಕು: ಚರ್ಮರೋಗವೋ ಪ್ಲಾಸ್ಟಿಕ್ ಸರ್ಜರಿಯೋ ಓದಿದವರಾ, ಆಸ್ಪತ್ರೆಗೆ ಸರ್ಕಾರಿ ನೋಂದಣಿ (ಕರ್ನಾಟಕದಲ್ಲಾದರೆ ಕೆಪಿಎಂಇ) ಇದೆಯಾ, ಜೀವಕ್ಕೆ ಅಪಾಯ ಬಂದರೆ ಸಂಭಾಳಿಸುವ ವ್ಯವಸ್ಥೆ ಇದೆಯಾ? ಯೂಟ್ಯೂಬ್ ನೋಡಿ ಕಲಿತರೆ ಅದು ತರಬೇತಿಯಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಬರೆದು ಹೇಳಬೇಕಾಯಿತು. ಹೇಳಿದ ಮೇಲೂ, ಕಾನ್ಪುರದಲ್ಲಿ ಕೂದಲು ನಾಟಿ ಮಾಡಿಸಿಕೊಂಡ ಇಬ್ಬರು ಎಂಜಿನಿಯರುಗಳು ಸತ್ತ ಸುದ್ದಿ 2025ರಲ್ಲಿ ಬಂತು.

ವಾಡಿಯಲ್ಲಿ ರೈಲು ಹತ್ತಿ ಹೈದರಾಬಾದಿಗೆ ಹೋಗಿ, ಮರುದಿನ ಟೋಪಿ ಹಾಕಿಕೊಂಡು ಇಳಿದರೆ ಕೆಲಸ ಮುಗಿಯಿತೆಂದು ಯಜಮಾನರ ಎಣಿಕೆ. ಮುಗಿಯುವುದೆಲ್ಲಿ? ಎರಡು ಮೂರು ವಾರಕ್ಕೆ ನೀವು ಉದುರತೊಡಗುತ್ತೀರಿ, ಕೆಲವೊಮ್ಮೆ ಅಕ್ಕಪಕ್ಕದ ಹಳಬರನ್ನೂ ಕರೆದುಕೊಂಡು. ಗಾಬರಿ ಬೇಡ, ಬೇರು ಒಳಗಿರುತ್ತದೆ. ಮೂರು ನಾಲ್ಕು ತಿಂಗಳಿಗೆ ಚಿಗುರು, ಪೂರ್ತಿ ಕಾಣಲು ಒಂದು ವರ್ಷ. ಬಸವಜಯಂತಿಯ ಮುಹೂರ್ತಕ್ಕೆಂದು ಮಾಘದಲ್ಲಿ ನಾಟಿ ಮಾಡಿಸಿಕೊಂಡ ಮದುಮಗ ಬಾಸಿಂಗದ ಹಿಂದೆ ಮೊದಲಿಗಿಂತ ಬೋಳಾಗಿ ಕೂರುವ ಸಂಭವವೇ ಹೆಚ್ಚು. ಜೊತೆಗೆ ನಮ್ಮ ಬಿಸಿಲು, ಸಿಮೆಂಟಿನ ಧೂಳು. ಹಸಿ ನೆತ್ತಿಗೆ ಎರಡೂ ಆಗದು. ಈ ನಾಟಿಗೆ ವಿಮೆ ಸಿಗುವುದಿಲ್ಲ, ಇಎಂಐ ಧಾರಾಳ.

ನನಗ್ಯಾಕೆ ಇಷ್ಟು ಕಾಳಜಿ ಅಂತೀರಾ? ನೀವು ಸಾಲದಾದಾಗ ವೈದ್ಯರು ಬರುವುದು ನನ್ನ ಮನೆಗೇ. ನಾನು ದಪ್ಪ, ಒರಟು, ಹಣೆಯಂಚಿಗೆ ಒಪ್ಪುವುದಿಲ್ಲ. ನಡುನೆತ್ತಿ ತುಂಬಿಸಲು ಆದೀತೆಂದು ಡಾಕ್ಟರು ಮೊನ್ನೆ ಗದ್ದದ ಕೆಳಗೆ ಬೆರಳಾಡಿಸಿ ನೋಡಿ ಹೋಗಿದ್ದಾರೆ.

ಇತಿ, ನಿಮ್ಮ ಕೆಳಮನೆಯವ,
ಗಡ್ಡ